ಐದು ಗಂಟೆಗೆ ದ್ವೀಪದಲ್ಲಿ

ಎಲ್ಲಕ್ಕೂ ಕಾರಣ ಒಂದು ಧಾರಾವಾಹಿಯ ಸೊಸೆ ಬದಲಾದದ್ದು.

ಮಂಗಳವಾರದ ಕಂತಿನಲ್ಲಿ ಆ ಸೊಸೆ ಒಂದು ಮುಖ ಇಟ್ಟುಕೊಂಡು ಅಡುಗೆಮನೆಗೆ ಹೋದಳು. ಬುಧವಾರ ಇನ್ನೊಂದು ಮುಖ ಇಟ್ಟುಕೊಂಡು ಕಾಫಿ ಲೋಟದ ಜೊತೆ ಹೊರಗೆ ಬಂದಳು. ಪರದೆಯ ಕೆಳಗೆ ಒಂದು ಸಾಲು ಓಡಿತು: ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು ಅಭಿನಯಿಸಲಿದ್ದಾರೆ. ಅಷ್ಟೇ. ಮುಂಬಯಿಯ ಪರೇಲಿನಲ್ಲಿ ವಠಾರದಂಥ ಹಳೆಯ ಚಾಳೊಂದರ ಮೂರನೇ ಮಹಡಿಯಲ್ಲಿ ಪುಟ್ಟಲಕ್ಷ್ಮಿಯವರಿಗೆ ಅವತ್ತು ಊಟ ಸೇರಲಿಲ್ಲ. ಗುರುವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಪಕ್ಕದ ಖೋಲಿಯ ಅಚಿಂತ್ಯನನ್ನು ಹಿಡಿದು ನಿಲ್ಲಿಸಿದರು.

“ನೀನು ಕಾಲೇಜಲ್ಲಿ ಫಿಲಾಸಫಿ ಪಾಠ ಮಾಡೋನಲ್ವೇನಪ್ಪಾ? ಹೇಳು. ಇವಳು ಅವಳೇನಾ?”

ಬಾಯಿ ತುಂಬ ನೊರೆ ಇತ್ತು. ತಲೆಯಾಡಿಸಿ ಪಾರಾಗಬಹುದಿತ್ತು. ಅಚಿಂತ್ಯ ಮುಕ್ಕಳಿಸಿ, ಉಗಿದು, ಉತ್ತರ ಕೊಟ್ಟ. ಅರ್ಧ ಗಂಟೆ ಕೊಟ್ಟ. ಮುಖ ಬದಲಾದರೆ ಮನುಷ್ಯ ಬದಲಾಗುತ್ತಾನೆಯೇ, ನೆನಪು ಉಳಿದರೆ ಸಾಕೇ, ಗುರುತಿಸುವವರು ಒಪ್ಪಿದರೆ ಆಯಿತೇ ಎಂದು ಮೂರೂ ಕಡೆಯಿಂದ ವಿಷಯವನ್ನು ದೋಸೆಯಂತೆ ಮಗುಚಿ ಹಾಕಿದ. ಇವಳು ಅವಳೇ ಹೌದೋ ಅಲ್ಲವೋ ಎಂಬುದನ್ನು ಮಾತ್ರ ಹೇಳಲಿಲ್ಲ.

ಒಳಗೆ ಪೇಪರ್ ಓದುತ್ತಿದ್ದ ಪುಟ್ಟಲಕ್ಷ್ಮಿಯವರ ಗಂಡ ಸತ್ಯಮೂರ್ತಿ ಕಿವಿ ನಿಮಿರಿಸಿದರು. ಅವರು ಬ್ಯಾಂಕಿನಿಂದ ನಿವೃತ್ತರಾಗಿ ಹನ್ನೊಂದು ವರ್ಷ, ಕನ್ನಡ ಸಂಘದ ಕಾರ್ಯದರ್ಶಿಯಾಗಿ ಹತ್ತು ವರ್ಷ. ಈ ತಿಂಗಳ ಉಪನ್ಯಾಸಕರು ಮೊಣಕಾಲು ನೋವೆಂದು ಕೈಕೊಟ್ಟಿದ್ದರು.

“ಏನಯ್ಯಾ ಅಚಿಂತ್ಯ, ಈ ಭಾನುವಾರ ಮೂರು ಗಂಟೆಗೆ ಬೈಕುಲ್ಲಾದಲ್ಲಿ ಇದನ್ನೇ ಮಾತಾಡಿಬಿಡು. ಸೀರಿಯಲ್ಲು, ವಿಡಿಯೋ ಗೇಮು ಮತ್ತು ತತ್ವಶಾಸ್ತ್ರ. ಯೂತ್‌ಗೂ ಆಯ್ತು, ನಮಗೂ ಆಯ್ತು. ಹತ್ತು ನಿಮಿಷ ಸಾಕು.”

“ಅಂಕಲ್, ಭಾನುವಾರ ನನಗೆ ಐದಕ್ಕೆ ಒಂದು...”

“ನಾಲ್ಕಕ್ಕೆಲ್ಲ ಬಿಟ್ಟುಬಿಡ್ತೀವಿ.”

ಅವನು ಟವೆಲ್ ಹಿಂಡುವಷ್ಟರಲ್ಲಿ ಅವನ ಫೋಟೋ, ಸುತ್ತ ಎರಡು ದೀಪ, ಮೇಲೊಂದು ಸರಸ್ವತಿ, ಎಲ್ಲ ಸೇರಿ ಸಂಘದ ವಾಟ್ಸ್ಯಾಪ್ ಗುಂಪಿಗೆ ಹೋಗಿಯಾಗಿತ್ತು. ಫೋಟೋದಲ್ಲಿ ಅವನು ತೀರಿಹೋದವನಂತೆ ಕಾಣುತ್ತಿದ್ದ.

ಭಾನುವಾರ ಸಂಜೆ ಐದು ಗಂಟೆಗೆ ಅಚಿಂತ್ಯ ಒಂದು ದ್ವೀಪದಲ್ಲಿ ಇರಬೇಕಿತ್ತು.

ಆ ದ್ವೀಪ ಒಂದು ಕಂಪ್ಯೂಟರ್ ಆಟದೊಳಗಿತ್ತು. ಒಂದು ಕಾಲಕ್ಕೆ ಲಕ್ಷಾಂತರ ಜನ ಆಡುತ್ತಿದ್ದ ಆಟ. ಅದರಲ್ಲಿ ಗುಂಡು ಹಾರಿಸುವಂತಿಲ್ಲ, ಗೆಲ್ಲುವಂತಿಲ್ಲ. ಇಬ್ಬರಿಗೆ ಒಂದು ದ್ವೀಪ, ಒಂದು ದೀಪಸ್ತಂಭ, ಒಂದು ಮರದ ದೋಣಿ. ದೀಪಕ್ಕೆ ಎಣ್ಣೆ ಹಾಕಬೇಕು, ದೋಣಿಯ ಹಲಗೆ ಕೊಳೆತರೆ ಬದಲಿಸಬೇಕು, ಬೇಕಾದರೆ ದಂಡೆಯಲ್ಲಿ ಕೂತು ಟೈಪ್ ಮಾಡಿ ಮಾತಾಡಬೇಕು. ಇಂಥ ಆಟವನ್ನು ಜನ ಯಾಕೆ ಬಿಟ್ಟರು ಎಂಬುದು ಆಶ್ಚರ್ಯವಲ್ಲ, ಯಾಕೆ ಆಡಿದರು ಎಂಬುದು ಆಶ್ಚರ್ಯ. ಅಚಿಂತ್ಯ ಬಿಡದೆ ಆಡಿದ್ದು ಧಾತ್ರಿಗಾಗಿ.

ಧಾತ್ರಿಯ ಮನೆ, ಆಫೀಸು ಎರಡೂ ಪವಾಯಿಯಲ್ಲಿ. ಎರಡು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದಳು. ಹೋಳಿಗೆ ಬರುವಷ್ಟರಲ್ಲಿ ಇಬ್ಬರೂ ಅದೇ ಆಟ ಆಡುತ್ತಾರೆಂದು ಗೊತ್ತಾಯಿತು, ಮಜ್ಜಿಗೆ ಬರುವಷ್ಟರಲ್ಲಿ ಒಂದೇ ದ್ವೀಪಕ್ಕೆ ಸೇರುವುದೆಂದು ತೀರ್ಮಾನವಾಯಿತು. ಪರೇಲಿನಿಂದ ಪವಾಯಿಗೆ ಹೋಗುವುದಕ್ಕಿಂತ ಇಲ್ಲದ ದ್ವೀಪಕ್ಕೆ ಹೋಗುವುದು ಸುಲಭ ಎಂಬುದು ಮುಂಬಯಿಯಲ್ಲಿ ಒಂದು ವಾರ ಇದ್ದವರಿಗೂ ಗೊತ್ತು. ಅದಾದ ಮೇಲೆ ಅವರು ಎದುರುಬದುರು ಸಿಕ್ಕಿದ್ದು ನಾಲ್ಕೇ ಸಲ. ನಾಲ್ಕೂ ಸಲ ಅಚಿಂತ್ಯ ಚಹಾದ ಲೋಟವನ್ನೇ ನೋಡಿದ್ದ. ದ್ವೀಪದಲ್ಲಿ ಮಾತ್ರ ಅವರು ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಾವು ಬದುಕಿರುವುದೂ ಇಂಥದೇ ಒಂದು ಆಟದೊಳಗೆ ಅಂತಾದರೆ ಏನು ವ್ಯತ್ಯಾಸ ಎಂದು ಅವನು ಕೇಳುತ್ತಿದ್ದ. ವ್ಯತ್ಯಾಸ ಇದೆ, ಆಟದ ಹೊರಗೆ ನನಗೆ ಹಸಿವಾಗುತ್ತೆ ಎಂದು ಅವಳು ಬರೆಯುತ್ತಿದ್ದಳು.

ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳುವವರು ಅಚಿಂತ್ಯ ಫೋನಿನಲ್ಲಿ ಮಾತಾಡುವುದನ್ನು ಕೇಳಿಲ್ಲ. ತರಗತಿಯಲ್ಲಿ ಎಪ್ಪತ್ತು ಜನರೆದುರು ನದಿಯಂತೆ ಹರಿಯುವ ಮನುಷ್ಯ, ಫೋನಿನಲ್ಲಿ ಅವಳ ಉಸಿರು ಕೇಳಿಸಿದರೆ ಸಾಕು, ನೀರು ನಿಂತ ನಲ್ಲಿಯಂತೆ ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತಿದ್ದ.

ಬುಧವಾರ ರಾತ್ರಿಯೇ ಧಾತ್ರಿಯ ಮೆಸೇಜ್ ಬಂದಿತ್ತು. “ಭಾನುವಾರ ಆರು ಗಂಟೆಗೆ ಆಟ ಮುಚ್ಚುತ್ತಾರಂತೆ, ಶಾಶ್ವತವಾಗಿ. ಏಳು ಗಂಟೆಗೆ ನಮ್ಮನೆಗೆ ಗಂಡಿನ ಕಡೆಯವರು ಬರ್ತಾರೆ. ಹೂಂ ಅಂತೀನೋ ಉಹೂಂ ಅಂತೀನೋ ಅವತ್ತೇ ಹೇಳ್ಬೇಕು. ಅದಕ್ಕೆ ಮೊದಲು ನಿನ್ನನ್ನ ಕೇಳ್ಬೇಕು. ಐದು ಗಂಟೆಗೆ ದ್ವೀಪಕ್ಕೆ ಬಾ. ತಪ್ಪಿಸ್ಬೇಡ.”

ಅಚಿಂತ್ಯ ಅದನ್ನು ಮೂವತ್ತು ಸಲ ಓದಿದ. ಜೀವನದಲ್ಲಿ ಮೊದಲ ಬಾರಿಗೆ ಅವನ ಬಳಿ ಒಂದು ಪ್ರಶ್ನೆಗೆ ಒಂದೇ ಉತ್ತರವಿತ್ತು. ಉಹೂಂ ಅನ್ನು, ನಾನಿದ್ದೀನಿ. ಕನ್ನಡಿಯೆದುರು ನಿಂತು ಅಭ್ಯಾಸ ಮಾಡಿದ. ಮೂರು ಪದ. ಐದು ಗಂಟೆಗೆ ಅಲ್ಲಿರಬೇಕು, ಮೂರು ಪದ ಟೈಪ್ ಮಾಡಬೇಕು. ಪ್ರಪಂಚದಲ್ಲಿ ಇದಕ್ಕಿಂತ ಸುಲಭದ ಕೆಲಸ ಬೇರೆ ಇರಲಿಲ್ಲ.

ಸಂಘದ ಕಾರ್ಯಕ್ರಮ ಬೈಕುಲ್ಲಾದಲ್ಲಿ ಕೊರಗಪ್ಪನವರ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ. ಕೊರಗಪ್ಪ ಉಡುಪಿಯ ಕಡೆಯವರು. ಸಭೆಗೆ ಜಾಗ ಪುಕ್ಕಟೆ ಕೊಡುತ್ತಿದ್ದರು. ಒಂದೇ ಷರತ್ತು, ಬಂದವರು ತಿಂದೇ ಹೋಗಬೇಕು.

ಅಚಿಂತ್ಯ ಎರಡೂ ಮುಕ್ಕಾಲಿಗೆ ಅಲ್ಲಿದ್ದ. ಕುರ್ಚಿಗಳಿದ್ದವು. ಮೂರು ಗಂಟೆಗೆ ಸತ್ಯಮೂರ್ತಿ, ಪುಟ್ಟಲಕ್ಷ್ಮಿ ಬಂದರು. ಮೂರೂ ಕಾಲಿಗೆ ದೀಪ ಬಂತು, ಬತ್ತಿ ಬರಲಿಲ್ಲ. ಬತ್ತಿ ಬಂದ ಮೇಲೆ ಪ್ರಾರ್ಥನೆ ಹಾಡುವವರು ಬಂದಿಲ್ಲವೆಂದು ಗೊತ್ತಾಯಿತು. ಭಾನುವಾರ, ಹಳಿ ರಿಪೇರಿಯ ಮೆಗಾಬ್ಲಾಕ್, ರೈಲೆಲ್ಲ ತಡ, ಡೊಂಬಿವಲಿಯಿಂದ ಬರಬೇಕು ಪಾಪ ಎಂದರು ಯಾರೋ.

“ಅಂಕಲ್, ಪ್ರಾರ್ಥನೆ ಬಿಟ್ಟು ಶುರು ಮಾಡಬಹುದಲ್ಲಾ?”

ಸತ್ಯಮೂರ್ತಿ ಅವನನ್ನು ನೋಡಿದ ರೀತಿ, ಅಡಿಪಾಯ ಬಿಟ್ಟು ಮನೆ ಕಟ್ಟೋಣ ಎಂದವನನ್ನು ನೋಡುವಂತಿತ್ತು. “ಅವಸರ ಯಾಕಯ್ಯಾ? ಕಾಲ ಅನ್ನೋದೇ ಮಾಯೆ ಅಂತ ನಿಮ್ಮ ಶಾಸ್ತ್ರದೋರೇ ಅಲ್ವಾ ಹೇಳೋದು?”

“ಐದಕ್ಕೆ ಮನೇಲಿ ಒಂದು ಮೀಟಿಂಗ್ ಇದೆ.”

“ಭಾನುವಾರ ಮೀಟಿಂಗಾ? ಅದೇ ಮಾಯೆ. ಅಂದಹಾಗೆ ನಿನ್ನ ಫೋನ್ ಕೊಡಿಲ್ಲಿ. ನನ್ನದರಲ್ಲಿ ಮುಖ ಎಲ್ಲ ಹುರಿಗಡಲೆ ಥರ ಬರುತ್ತೆ. ಲೈವ್ ಬಿಡ್ಬೇಕು.”

ಭಾಷಣಕಾರನ ಫೋನಿನಲ್ಲೇ ಭಾಷಣ ಚಿತ್ರಿಸುವುದು ಸಂಘದ ಪದ್ಧತಿ. ಭಾಷಣಕಾರ ಹೇಗೂ ವೇದಿಕೆಯ ಮೇಲಿರುತ್ತಾನೆ, ಫೋನ್ ಅವನಿಗೆ ಬೇಕಾಗುವುದಿಲ್ಲ, ಚಾರ್ಜ್ ಹೋದರೆ ಅವನದೇ ಹೋಗುತ್ತದೆ. ಅಚಿಂತ್ಯನ ಫೋನನ್ನು ಮೂರು ಕಾಲಿನ ಕೋಲಿಗೆ ಸಿಕ್ಕಿಸಿ ಹತ್ತು ಅಡಿ ದೂರದಲ್ಲಿ ನಿಲ್ಲಿಸಿದರು. ಅದು ಒಕ್ಕಣ್ಣಿನಲ್ಲಿ ಅವನನ್ನು ನೋಡುತ್ತ ನಿಂತಿತು.

ಮೂರೂ ಐವತ್ತಕ್ಕೆ ಪ್ರಾರ್ಥನೆ. ಆಮೇಲೆ ಸ್ವಾಗತ. ಆಮೇಲೆ ಸತ್ಯಮೂರ್ತಿ ಅತಿಥಿ ಪರಿಚಯಕ್ಕೆ ನಿಂತರು. ಅಚಿಂತ್ಯನ ಇಪ್ಪತ್ತೊಂಬತ್ತು ವರ್ಷದಲ್ಲಿ ಹೇಳುವಂಥದ್ದು ಹೆಚ್ಚೇನೂ ನಡೆದಿರಲಿಲ್ಲವಾದ್ದರಿಂದ ಅವನ ತಾತನಿಂದ ಶುರು ಮಾಡಿದರು. ತಾತ ಮೈಸೂರಿನಲ್ಲಿ ಶಾಲೆ ಮಾಸ್ತರರಾಗಿದ್ದರು, ಅವರ ಕೈಬರಹ ಮುದ್ದಾಗಿತ್ತು, ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅಚಿಂತ್ಯ ಹುಟ್ಟುವ ಹೊತ್ತಿಗೆ ನಾಲ್ಕೂ ಇಪ್ಪತ್ತಾಯಿತು.

ಅವನು ಮಾತಾಡಿದ್ದು ಒಂಬತ್ತು ನಿಮಿಷ. ಚೆನ್ನಾಗಿಯೇ ಮಾತಾಡಿದ. ಆಟದ ದೋಣಿಯ ಬಗ್ಗೆ ಹೇಳಿದ. “ಎರಡು ವರ್ಷದಲ್ಲಿ ಆ ದೋಣಿಯ ಒಂದೊಂದೇ ಹಲಗೆ ಬದಲಿಸಿದ್ದೇವೆ. ಇವತ್ತು ಅದರಲ್ಲಿ ಮೊದಲಿನ ಒಂದು ಹಲಗೆಯೂ ಇಲ್ಲ. ಅದು ಅದೇ ದೋಣಿಯಾ? ಧಾರಾವಾಹಿಯ ಸೊಸೆಯ ಪ್ರಶ್ನೆಯೂ ಇದೇ.” ‘ಬದಲಿಸಿದ್ದೇವೆ’ ಎನ್ನುವಾಗ ಅವನ ಕಣ್ಣು ಗಡಿಯಾರದ ಕಡೆ ಹೋಯಿತು. ಯಾರೂ ಗಮನಿಸಲಿಲ್ಲ. ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸಿತು. ನಮಸ್ಕಾರ ಹೇಳಿ ಕೂತ.

“ಈಗ ಸಂವಾದ,” ಎಂದರು ಸತ್ಯಮೂರ್ತಿ.

ಮೊದಲು ಎದ್ದದ್ದು ಕೊರಗಪ್ಪ. “ನನ್ನದೊಂದು ಡೌಟು ಉಂಟು ಮಾರಾಯ್ರೆ. ನಮ್ಮ ಹೋಟ್ಲಲ್ಲಿ ಅಡುಗೆ ಭಟ್ರು ಆರು ಸಲ ಬದಲಾದ್ರು. ಮೇಜು, ಕುರ್ಚಿ, ಬೋರ್ಡು, ಎಲ್ಲ ಬದಲಾಯ್ತು. ಗಿರಾಕಿಗಳು ಹೇಳುದು, ಸಾಂಬಾರು ಮಾತ್ರ ಅಪ್ಪನ ಕಾಲದ್ದೇ ಅಂತ. ಹಾಗಾದ್ರೆ ಹೋಟ್ಲು ಅಂದ್ರೆ ಎಂತ, ಸಾಂಬಾರಾ?”

ಇದು ಒಳ್ಳೆಯ ಪ್ರಶ್ನೆ. ಬೇರೆ ದಿನವಾಗಿದ್ದರೆ ಅಚಿಂತ್ಯ ಅವರನ್ನು ತಬ್ಬಿಕೊಳ್ಳುತ್ತಿದ್ದ. “ಹೌದು, ಸಾಂಬಾರು,” ಎಂದುಬಿಟ್ಟ.

“ಹಾಗಾದ್ರೆ ನಾನು ಯಾರು?” ಎಂದು ಕೊರಗಪ್ಪ ನಿಂತೇ ಇದ್ದರು.

ಅಷ್ಟರಲ್ಲಿ ಪುಟ್ಟಲಕ್ಷ್ಮಿ ಎದ್ದರು. “ಅದೆಲ್ಲ ಇರಲಿ. ಮುಖ ಬದಲಾಗಿದ್ದು ನನಗೆ ಬೇಜಾರಿಲ್ಲ. ಆ ಗಂಡ ಇದಾನಲ್ಲ, ಅವನು ಕಾಫಿ ಇಸ್ಕೊಂಡು ಕುಡಿದುಬಿಟ್ನಲ್ಲ! ನಿನ್ನೆ ಇದ್ದೋಳು ಇವಳಲ್ಲ ಅಂತ ಒಂದು ಸಲನಾದ್ರೂ ತಲೆ ಎತ್ತಿ ನೋಡ್ಬಾರ್ದಾ? ಮೂರು ವರ್ಷ ಸಂಸಾರ ಮಾಡಿದಾನೆ!”

“ಅವನಿಗೆ ಡೈರೆಕ್ಟರ್ ಹಾಗೆ ಹೇಳಿರ್ತಾನೆ ಕಣೆ,” ಎಂದರು ಸತ್ಯಮೂರ್ತಿ.

“ನಿಮಗ್ಯಾವ ಡೈರೆಕ್ಟರ್ ಹೇಳಿದ್ದ? ನಾನು ಕನ್ನಡಕ ಬದಲಾಯಿಸಿ ಎಂಟು ದಿನ ಆಯ್ತು.”

ಸಭೆ ನಕ್ಕಿತು, ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆಯಾಗಿ ಚರ್ಚೆ ಹತ್ತಿಕೊಂಡಿತು. ಸಂಘದ ಹತ್ತು ವರ್ಷದ ಇತಿಹಾಸದಲ್ಲಿ ಇಷ್ಟು ಯಶಸ್ವಿ ಕಾರ್ಯಕ್ರಮ ನಡೆದಿರಲಿಲ್ಲ. ಅಚಿಂತ್ಯ ಕುರ್ಚಿಯ ತುದಿಗೆ ಬಂದು ಕೂತಿದ್ದ. ನಾಲ್ಕೂ ಐವತ್ತೈದು. ಅವನು ಎದ್ದ.

“ಕೂತ್ಕೋ, ಸನ್ಮಾನ ಇದೆ,” ಎಂದು ಸತ್ಯಮೂರ್ತಿ ಹೆಗಲು ಒತ್ತಿದರು.

“ಬೇಡ ಅಂಕಲ್, ಪ್ಲೀಸ್.”

“ಎಲ್ಲರೂ ಹಾಗೇ ಅಂತಾರೆ.”

ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು, ಮೇಲೊಂದು ಅನಾನಸು ಮುಳ್ಳಂದಿಯಂತೆ ಕೂತಿತ್ತು. ಗಾಜಿನ ಸ್ಮರಣಿಕೆ ಕೊಟ್ಟರು. ಕೊನೆಗೆ ತಲೆಗೆ ಜರಿಯ ಮೈಸೂರು ಪೇಟ ಇಟ್ಟು ಚಪ್ಪಾಳೆ ತಟ್ಟಿದರು. ಆಮೇಲೆ ವಂದನಾರ್ಪಣೆ. ಬತ್ತಿ ತಂದವರಿಗೂ ವಂದನೆ. ಆಮೇಲೆ ಗುಂಪಿನ ಫೋಟೋ. ಫೋಟೋಗೆ ಕೋಲಿನಿಂದ ಫೋನ್ ಬಿಚ್ಚಿದಾಗ ಅದು ಒಂದು ಸಲ ಮಿಣುಕಿ ಸತ್ತಿತು.

“ಚೆನ್ನಾಗಿ ಓಡ್ತು,” ಎಂದು ಸತ್ಯಮೂರ್ತಿ ಹೆಣವನ್ನು ಅವನ ಜೇಬಿಗೆ ಹಾಕಿದರು. “ಮುನ್ನೂರು ಜನ ಲೈವ್ ನೋಡಿದಾರೆ.”

ಮೆಟ್ಟಿಲ ಬಳಿ ಕೊರಗಪ್ಪ ಅಡ್ಡ ನಿಂತಿದ್ದರು. “ಗೋಳಿಬಜೆ ತಿನ್ನದೆ ಹೋಗ್ಲಿಕ್ಕೆ ಬಿಡ್ಲಿಕ್ಕಿಲ್ಲ. ಮತ್ತೆ ನಾನು ಯಾರು ಅಂತ ನೀವು ಹೇಳ್ಲಿಲ್ಲ.”

ಅಚಿಂತ್ಯ ಎರಡು ಗೋಳಿಬಜೆಯನ್ನು ಒಟ್ಟಿಗೆ ಬಾಯಿಗೆ ತುರುಕಿಕೊಂಡು, ನಾಲಿಗೆ ಸುಟ್ಟುಕೊಂಡು, “ನೀವು ಸಾಂಬಾರು,” ಎಂಬರ್ಥದ ಸದ್ದು ಮಾಡಿ ಕೆಳಗೆ ಹಾರಿದ. ಹೋಟೆಲಿನ ಗಡಿಯಾರದಲ್ಲಿ ಐದೂ ಹನ್ನೆರಡು.

ಬೈಕುಲ್ಲಾ ಸ್ಟೇಷನ್ನಿನಲ್ಲಿ ಗಾಡಿ ನಿಂತಿತ್ತು. ಓಡಿ ಹತ್ತಿದ. ಬಲಗೈಯಲ್ಲಿ ಬುಟ್ಟಿ, ಎಡಗೈಯಲ್ಲಿ ಸ್ಮರಣಿಕೆ, ಹಾಗಾಗಿ ಪೇಟಕ್ಕೆ ತಲೆ ಬಿಟ್ಟು ಬೇರೆ ಜಾಗವಿರಲಿಲ್ಲ. ಡಬ್ಬಿಯಲ್ಲಿದ್ದವರು ಸರಿದು ದಾರಿ ಬಿಟ್ಟರು. ಮುಂಬಯಿಯ ಲೋಕಲ್ಲಿನಲ್ಲಿ ಜನ ದಾರಿ ಬಿಡುವುದು ಮದುಮಗನಿಗೆ ಮಾತ್ರ.

“ಶಾದಿ ಕಿಧರ್ ಹೈ, ಭಾಯ್?” ಎಂದ ಒಬ್ಬ.

“ಶಾದಿ ನಹೀ ಹೈ.”

“ಹೋ ಗಯೀ?” ಆಗಿಯೇ ಹೋಯಿತೇ ಎಂಬ ಮರುಕ ಅವನ ದನಿಯಲ್ಲಿತ್ತು.

ಬಾಗಿಲ ಬಳಿ ನಿಂತಿದ್ದ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಪೇಟವನ್ನೇ ನೋಡುತ್ತಿದ್ದವನು ಮುಖ ಅರಳಿಸಿದ. “ಕನ್ನಡದವ್ರೇನ್ರಿ? ಪೇಟಾ ನೋಡಿದ ಕೂಡ್ಲೆ ಗೊತ್ತಾತು. ನಾ ಶರಣು ಅಂತ. ಕಲಬುರಗಿ ಕಡೆಯವ. ಇಲ್ಲೇ ಬಿಲ್ಡಿಂಗ್ ಕೆಲಸದಾಗ ಸೂಪರ್ವೈಜರ್ ಅದೀನಿ. ಒಬ್ರೇ ಹೊಂಟೀರಲ್ರಿ, ಮದಿವಿ ದಿಬ್ಬಣ ಎಲ್ಲಿ?”

“ಮದುವೆ ಅಲ್ಲ. ಸನ್ಮಾನ. ಪರೇಲ್ ಬಂತಾ?”

“ಪರೇಲ್? ಇದು ಫಾಸ್ಟ್ ಐತ್ರೀ. ನಿಲ್ಲಂಗಿಲ್ಲ. ಸೀದಾ ದಾದರ್.”

ಪರೇಲ್ ಸ್ಟೇಷನ್ ಬಂತು, ಹೋಯಿತು. ಫ್ಲೈಓವರಿನ ಆಚೆ ಮನೆಯ ದಿಕ್ಕು ಒಂದು ಕ್ಷಣ ಕಂಡಿತು. ಮನೆಯೊಳಗೆ ಕಂಪ್ಯೂಟರ್, ಅದರೊಳಗೆ ದ್ವೀಪ, ಅದರ ದಂಡೆಯಲ್ಲಿ ಧಾತ್ರಿ. ಅವಳು ಈಗ ಬಂದು ಕೂತಿರುತ್ತಾಳೆ. ದಂಡೆಯಲ್ಲಿ ಯಾವಾಗಲೂ ಎಡಗಡೆ ಕೂರುತ್ತಿದ್ದಳು, ಬಲಗಡೆ ಅವನಿಗೆ ಬಿಟ್ಟು. ಅನಾನಸು ಕೈಗೆ ಚುಚ್ಚುತ್ತಿತ್ತು.

ಶರಣು ಅವನ ಮುಖ ನೋಡಿದ. “ಖರೇ ಹೇಳ್ರಿ. ಹೆಣ್ಣು ಎಲ್ಲಿಯವರು?”

ಸುಳ್ಳು ಹೇಳಲೂ ಚೈತನ್ಯ ಬೇಕು. “ಪವಾಯಿ,” ಎಂದ ಅಚಿಂತ್ಯ.

“ನೋಡ್ರಿ ಮತ್ತ! ಲೇಟ್ ಆಗ್ತದ ಅಂತ ಆಕಿಗೆ ಹೇಳೀರಿಲ್ಲೋ?”

“ಫೋನ್ ಸತ್ತಿದೆ.”

“ನಂದು ಬದುಕೈತಿ. ಹಿಡೀರಿ, ಮಾತಾಡ್ರಿ.”

ಅಚಿಂತ್ಯ ಸ್ಮರಣಿಕೆಯನ್ನು ಕಂಕುಳಿಗೆ ಸಿಕ್ಕಿಸಿ ಫೋನ್ ತೆಗೆದುಕೊಂಡ. ಬೆರಳು ಅಂಕಿಗಳ ಮೇಲೆ ನಿಂತಿತು. ಅಲ್ಲೇ ನಿಂತಿತ್ತು. ಎರಡು ವರ್ಷದಲ್ಲಿ ಅವಳು ಬರೆದ ಸಾಲುಗಳಲ್ಲಿ ಅರ್ಧ ಅವನಿಗೆ ಬಾಯಿಪಾಠ. ದೋಣಿಯ ಯಾವ ಹಲಗೆಯನ್ನು ಯಾವ ತಿಂಗಳು ಬದಲಿಸಿದ್ದೆಂದು ಗೊತ್ತು. ಫೋನ್ ನಂಬರಿನಲ್ಲಿ ಮಾತ್ರ ಮೊದಲ ಎರಡು ಅಂಕಿಯ ಮುಂದೆ ಏನೂ ಇರಲಿಲ್ಲ.

“ನೆನಪಿಲ್ಲ,” ಎಂದ.

ಶರಣು ಫೋನ್ ವಾಪಸು ತೆಗೆದುಕೊಂಡು, ಮದುಮಗನಿಗೆ ನಂಬರ್ ನೆನಪಿಲ್ಲವೆಂದು ಕನ್ನಡ ತಿಳಿಯದವರಿಗೂ ತಿಳಿಯುವಂತೆ ಹಿಂದಿಯಲ್ಲಿ ಹೇಳಿದ. “ನಂಬರ್ ಯಾದ್ ನಹೀ ಹೈ ದೂಲ್ಹೇ ಕೋ.” ಎಲ್ಲರೂ ಚ್ಚುಚ್ಚು ಎಂದರು. ಹಾಗೆ ಎಂದವರಲ್ಲಿ ಒಬ್ಬನಿಗಾದರೂ ತನ್ನ ಹೆಂಡತಿಯ ನಂಬರ್ ನೆನಪಿತ್ತೆಂದು ಹೇಳಲಾಗದು.

ದಾದರಿನಲ್ಲಿ ಇಳಿದರೆ ಸೇತುವೆ ತುಂಬ ಜನ. ಹಿಂದಕ್ಕೆ ಹೋಗುವ ಸ್ಲೋ ಗಾಡಿ ಮೆಗಾಬ್ಲಾಕಿನ ದಯೆಯಿಂದ ಹದಿನಾಲ್ಕು ನಿಮಿಷ ತಡ ಎಂದು ಫಲಕ ತೋರಿಸಿತು, ಕಾಯುತ್ತ ನಿಂತವರಿಗೆ ಹದಿನೇಳಾಯಿತು. ಹಣ್ಣಿನ ಬುಟ್ಟಿಯನ್ನು ಬೆಂಚಿನ ಮೇಲೆ ಬಿಟ್ಟ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಪೊಲೀಸ್ ಪೇದೆಯೊಬ್ಬ ಶಿಳ್ಳೆ ಹೊಡೆದು ಬುಟ್ಟಿಯನ್ನು ಅವನಿಗೇ ಹೊರಿಸಿದ. ಪರೇಲಿನಲ್ಲಿ ಇಳಿದು ಓಡಿದ. ಶಾಲು ಹಿಂದೆ ಹಾರುತ್ತಿತ್ತು. ಚಾಳಿನ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದವರು ಆಟ ನಿಲ್ಲಿಸಿ ನೋಡಿದರು. ಮೂರು ಮಹಡಿ ಹತ್ತಿ, ಬೀಗ ತೆಗೆದು, ಕಂಪ್ಯೂಟರಿನ ಗುಂಡಿ ಒತ್ತಿದಾಗ ಐದೂ ಐವತ್ತು.

ಆಟ ತೆರೆದುಕೊಂಡಿತು. ಪರದೆಯ ಮೇಲೆ ಉದ್ದದ ಸೂಚನೆಯೊಂದು ಬಂತು, ಮುಚ್ಚಿದ. ಇನ್ನೊಂದು ಬಂತು, ಅದನ್ನೂ ಮುಚ್ಚಿದ. ಮುಚ್ಚುವ ಅಂಗಡಿಯವರಿಗೆ ಹೇಳುವುದು ಬಹಳ ಇರುತ್ತದೆ.

ಅವಳು ಅಲ್ಲಿದ್ದಳು.

ದಂಡೆಯ ಎಡಗಡೆ, ಹಳದಿ ಕೋಟು ಹಾಕಿಕೊಂಡು, ಮೊಣಕಾಲಿಗೆ ಕೈ ಕಟ್ಟಿ ಕೂತಿದ್ದಳು. ಬಲಗಡೆ ಜಾಗ ಖಾಲಿ ಇತ್ತು. ಅಚಿಂತ್ಯ ತನ್ನ ಗೊಂಬೆಯನ್ನು ಓಡಿಸಿಕೊಂಡು ಹೋಗಿ ಅಲ್ಲಿ ಕೂರಿಸಿದ. ತಲೆಯ ಮೇಲೆ ಇನ್ನೂ ಪೇಟ ಇತ್ತು, ಅದು ಅವನಿಗೆ ಗೊತ್ತಿರಲಿಲ್ಲ.

“ಬಂದೆ. ಸಾರಿ. ತುಂಬಾ ಸಾರಿ.”

ಒಂದು ಕ್ಷಣ ಬಿಟ್ಟು ಅವಳ ತಲೆಯ ಮೇಲೆ ಅಕ್ಷರ ಮೂಡಿತು. “ಬಂದ್ಯಾ.”

ಅವನು ಇನ್ನು ಯೋಚಿಸಲಿಲ್ಲ. “ಉಹೂಂ ಅನ್ನು. ನಾನಿದ್ದೀನಿ.” ಟೈಪ್ ಮಾಡಿದ, ಕಳಿಸಿದ. ಇಷ್ಟೇ ಇತ್ತು. ಎರಡು ವರ್ಷ ಎದೆಯೊಳಗೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿದ್ದು ಇಷ್ಟೇ.

“ಗೊತ್ತು ಕಣೋ,” ಎಂದು ಬಂತು.

ಅವನು ಬರೆಯುತ್ತ ಹೋದ. ಚಹಾದ ಲೋಟ ಯಾಕೆ ನೋಡುತ್ತಿದ್ದೆ ಎಂದು ಬರೆದ. ಅವಳು ಬರದ ರಾತ್ರಿಗಳಲ್ಲೂ ದೀಪಕ್ಕೆ ಎಣ್ಣೆ ಹಾಕುತ್ತಿದ್ದದ್ದನ್ನು ಬರೆದ. ಪವಾಯಿಗೆ ಒಂದು ಸಲ ಬಸ್ಸಿನಲ್ಲಿ ಬಂದು, ಕೆರೆಯ ಸುತ್ತ ನಡೆದು, ಅವಳಿಗೆ ಹೇಳದೆ ವಾಪಸು ಹೋದದ್ದನ್ನೂ ಬರೆದ. ಅವಳು ಒಮ್ಮೆ ನಗುವ ಮುಖ ಕಳಿಸಿದಳು. ಒಮ್ಮೆ “ಹಸಿವಾಗ್ತಿದೆ” ಎಂದಳು. ಅವಳು ಯಾವಾಗಲೂ ಹಾಗೇ, ದೊಡ್ಡ ಮಾತು ಬಂದಾಗ ಹಸಿವಿನ ಸುದ್ದಿ ಎತ್ತುತ್ತಿದ್ದಳು. ಆಟದ ಸೂರ್ಯ ನೀರಿಗೆ ಇಳಿದ. ದೀಪಸ್ತಂಭ ಹೊತ್ತಿಕೊಂಡಿತು. ಪರದೆ ನಿಧಾನಕ್ಕೆ ಬೆಳ್ಳಗಾಗಿ, ಇಷ್ಟು ದಿನ ನಮ್ಮೊಂದಿಗಿದ್ದದ್ದಕ್ಕೆ ಕೃತಜ್ಞತೆಗಳು ಎಂಬ ಅಕ್ಷರಗಳು ಉಳಿದವು.

ಆರು ಗಂಟೆ.

ಅಚಿಂತ್ಯ ಕುರ್ಚಿಗೆ ಒರಗಿದ. ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ಅಂತೂ ಹೇಳಿಬಿಟ್ಟೆ ಎಂದು ಗೋಡೆಗೆ ಹೇಳಿದ. ಫೋನನ್ನು ಚಾರ್ಜಿಗೆ ಹಾಕಿ, ಮುಖ ತೊಳೆಯಲು ಹೋದವನು ಕನ್ನಡಿಯಲ್ಲಿ ಮದುಮಗನನ್ನು ನೋಡಿ ಬೆಚ್ಚಿದ. ಮತ್ತೆ, ಇರಲಿ ಬಿಡು ಎಂದು ಸ್ವಲ್ಪ ಹೊತ್ತು ನೋಡುತ್ತಲೇ ನಿಂತ.

ಫೋನ್ ಜೀವ ಹಿಡಿದು ಒಂದರ ಹಿಂದೆ ಒಂದು ಮೆಸೇಜ್ ಕಾರಿತು. ಎಲ್ಲ ಧಾತ್ರಿಯವು. ಐದೂ ಐದಕ್ಕೆ: “ಎಲ್ಲಿದ್ದೀಯ?” ಐದೂ ಇಪ್ಪತ್ತಕ್ಕೆ: “ಫೋನ್ ಯಾಕೆ ಆಫ್?” ಐದೂ ನಲವತ್ತಕ್ಕೆ: “ಇನ್ನು ಕಾಯೋಕಾಗಲ್ಲ, ಅಮ್ಮ ಸೀರೆ ಉಡು ಅಂತ ಕರೀತಿದಾರೆ. ಹೊರಟೆ. ನಿನ್ನ ಜಾಗದಲ್ಲಿ ಕೂತಿದ್ದವನನ್ನೇ ಕೇಳಿದೆ. ಉತ್ತರ ಸಿಕ್ತು.”

ಐದೂ ನಲವತ್ತಕ್ಕೆ ಹೊರಟಳೇ? ಹಾಗಾದರೆ ಐವತ್ತರಿಂದ ಆರರವರೆಗೆ ಅಲ್ಲಿ ಕೂತಿದ್ದವಳು ಯಾರು?

ಆಟದ ಕಂಪನಿಯಿಂದ ಒಂದು ಈಮೇಲ್ ಕೂಡ ಬಂದಿತ್ತು. ಪರದೆಯಲ್ಲಿ ಅವನು ಓದದೆ ಮುಚ್ಚಿದ್ದು ಅದೇ. ಕೊನೆಯ ದಿನ ಯಾರೂ ತಮ್ಮ ದ್ವೀಪದಲ್ಲಿ ಒಂಟಿಯಾಗಿರಬಾರದು. ನಿಮ್ಮ ಸಂಗಾತಿ ಬರಲಾಗದಿದ್ದರೆ, ಅಥವಾ ಹೊರಟುಹೋಗಿದ್ದರೆ, ಅವರ ಗೊಂಬೆಯನ್ನು ನಮ್ಮ ಯಂತ್ರವೇ ನಡೆಸುತ್ತದೆ. ಇಷ್ಟು ವರ್ಷ ಅವರು ಟೈಪ್ ಮಾಡಿದ ಮಾತುಗಳಿಂದಲೇ ಅದು ನಿಮ್ಮೊಂದಿಗೆ ಮಾತಾಡುತ್ತದೆ. ಇದು ನಮ್ಮ ಕಿರುಕಾಣಿಕೆ.

ಅಚಿಂತ್ಯ ಎರಡು ಸಲ ಓದಿದ. ಅವನು ಎದೆ ಬಿಚ್ಚಿದ್ದು ಅವಳ ಗೊಂಬೆಯೆದುರು. ಅವಳು ಬದುಕಿನ ಪ್ರಶ್ನೆ ಕೇಳಿದ್ದು ಅವನ ಗೊಂಬೆಯನ್ನು. ಅದು ಏನು ಹೇಳಿತು? ಆ ಮುಂಡೇದು ಏನು ಹೇಳಿರಬಹುದು?

ಆರೂ ಹನ್ನೆರಡು. ಕನ್ನಡಿಯಲ್ಲ, ಟೈಪ್ ಅಲ್ಲ. ಅವನು ಕರೆ ಮಾಡಿದ.

“ಹೇಳು,” ಎಂದಳು ಧಾತ್ರಿ.

“ಧಾತ್ರಿ, ಅದು ನಾನಲ್ಲ.”

“ಗೊತ್ತು. ಶುರುವಲ್ಲೇ ಬರೆದಿದ್ರಲ್ಲ. ನೀನು ಓದಲಿಲ್ವಾ?”

“ಇಲ್ಲ. ಅಂದ್ರೆ... ಅದು ಏನು ಹೇಳಿದ್ರೂ ಲೆಕ್ಕಕ್ಕಿಲ್ಲ. ಅದು ಮೆಷಿನ್. ನನ್ನ ಹಳೇ ಮಾತನ್ನ ಎತ್ತಿ ಜೋಡಿಸಿರೋದು. ಅದು ಹೇಳಿದ್ದು ನನ್ನ ಉತ್ತರ ಅಲ್ಲ.”

“ಸರಿ.” ಅವಳ ದನಿ ಹತ್ತಿರ ಬಂತು, ಫೋನನ್ನು ಕೈಯಿಂದ ಮರೆಮಾಡಿಕೊಂಡಿರಬೇಕು. “ನನಗೂ ಹಾಗೇ ಅನ್ನಿಸ್ತು. ಅದಕ್ಕೇ ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಅವರು ಬರೋಕೆ ಮುಕ್ಕಾಲು ಗಂಟೆ ಇದೆ. ಈಗ ನೀನೇ ಹೇಳು ಅಚಿಂತ್ಯ. ಹೂಂ ಅನ್ನಲಾ, ಉಹೂಂ ಅನ್ನಲಾ?”

ಎಷ್ಟು ಜನರಿಗೆ ಇಂಥ ಎರಡನೇ ಅವಕಾಶ ಸಿಗುತ್ತದೆ? ಮೂರು ಪದ ಅವನಿಗೆ ಬಾಯಿಪಾಠವಾಗಿತ್ತು. ಇಪ್ಪತ್ತು ನಿಮಿಷದ ಹಿಂದೆ ಬರೆದದ್ದೇ. ಅದನ್ನು ಬೆರಳಿನಿಂದ ಗಂಟಲಿಗೆ ತಂದರೆ ಮುಗಿಯಿತು. ಫೋನಿನ ಆಚೆ ಸ್ಟೀಲ್ ತಟ್ಟೆಗಳ ಸದ್ದು, ಯಾರೋ ಕೇಸರಿಬಾತಿಗೆ ದ್ರಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದರು. ಅದರ ಈಚೆ, ತೀರ ಹತ್ತಿರ, ಅವಳ ಉಸಿರು. ಅವಳು ಕಾಯುತ್ತಿದ್ದಳು. ಅವನಿಗೆ ಅವಳ ಮನೆಯ ತಟ್ಟೆಗಳು ಕಂಡವು, ಸೀರೆ ಹಿಡಿದು ನಿಂತ ತಾಯಿ ಕಂಡರು, ಬರುತ್ತಿರುವ ಆ ಗಂಡು ಒಳ್ಳೆಯವನೇ ಇರಬಹುದು ಎಂಬುದು ಕಂಡಿತು, ತನ್ನ ಒಂದೇ ಕೋಣೆಯ ಖೋಲಿ ಕಂಡಿತು. ವಿಷಯ ಮೂರೂ ಕಡೆಯಿಂದ ಕಂಡಿತು.

“ಅದು... ನೋಡು ಧಾತ್ರಿ,” ಎಂದ. ಕೆಮ್ಮಿದ. “ನಿನ್ನ ಮನಸ್ಸಿಗೆ ಯಾವುದು ಸರಿ ಅನ್ಸುತ್ತೋ ಅದನ್ನ ಮಾಡು. ಹೇಳೋಕೆ ನಾನ್ಯಾರು?”

ಅವಳು ನಕ್ಕಳು. ಸಿಟ್ಟಿನ ನಗೆಯಲ್ಲ. ಬಹಳ ಹೊತ್ತು ಹಿಡಿದುಕೊಂಡಿದ್ದ ಭಾರವನ್ನು ಕೆಳಗಿಟ್ಟವರು ಬಿಡುವ ಉಸಿರಿನಂಥದು.

“ಅಕ್ಷರ ಬಿಡದೆ ಅದೂ ಇದನ್ನೇ ಹೇಳ್ತು ಕಣೋ.”

“ಧಾತ್ರಿ, ಒಂದು ನಿಮಿಷ...”

“ಆದ್ರೆ ಅದು ಐದು ಗಂಟೆಗೆ ಸರಿಯಾಗಿ ಬಂದಿತ್ತು,” ಎಂದಳು ಅವಳು, ಮತ್ತು ಸೀರೆ ಉಡಲು ಹೋದಳು.